ಮೋಟಾರ ಖೋಲಿಯ ಕೆಂಪಿ

ಕುಕನೂರಿನ ಹತ್ತಿ ವ್ಯಾಪಾರಿ ಉಮಾಪತಿ 1938ರಲ್ಲಿ ಹೈದರಾಬಾದಿಗೆ ಹೋಗಿ ಬಂದವನೇ ತನ್ನ ಮಣ್ಣಿನ ಮನೆಯ ಮೇಲೆ ಮುನಿಸಿಕೊಂಡ. ಊರ ಹೊರಗೆ ಇಟ್ಟಿಗೆ, ಕಾಂಕ್ರೀಟಿನ ಹೊಸ ಮನೆ ಎದ್ದಿತು. ದುಂಡನೆಯ ಬಾಲ್ಕನಿ, ಕನ್ನಡಿಯಂಥ ನೆಲ, ಇನ್ನೂ ಕೊಳ್ಳದ ಮೋಟಾರಿಗೆ ಒಂದು ಖೋಲಿ. ದನಕ್ಕೆ ಮಾತ್ರ ಜಾಗವಿಲ್ಲ. ಆ ಸಿಮೆಂಟನ್ನೆಲ್ಲ ಭಾನಾಪುರದ ಸ್ಟೇಷನ್ನಿನಿಂದ ಎಳೆದು ತಂದದ್ದು ಎತ್ತುಗಳೇ ಎಂಬುದು ಪುಣ್ಯಾತ್ಮನಿಗೆ ಹೊಳೆಯಲೇ ಇಲ್ಲ.

ಹಳೆಯ ಮನೆಯಲ್ಲಿ ತಲಬಾಗಿಲು ದಾಟಿದರೆ ಕೆಳಗೆ ದನ, ಮೇಲೆ ಪಡಸಾಲೆಯಲ್ಲಿ ಜನ. ಅವನ ಹೆಂಡತಿ ಶಂಕ್ರಮ್ಮ ಮದುವೆಯಾಗಿ ಬಂದಾಗಿನಿಂದ ಮೆಲುಕಿನ ಸದ್ದು ಕೇಳುತ್ತಲೇ ನಿದ್ದೆ ಹೋದವಳು. ಮಕ್ಕಳಾಗಲಿಲ್ಲ. ಕುಷ್ಟಗಿಯ ತವರಿನಿಂದ ಜೊತೆಗೆ ಬಂದ ಆಕಳ ಮೊಮ್ಮಗಳು ಕೆಂಪಿಯೇ ಅವಳಿಗೆ ಮಗಳು, ಬಳಗ ಎಲ್ಲ.

“ಹೊಸ ಮನಿ ಹೊಕ್ಕ ಮ್ಯಾಲ ಕೆಂಪೀನ ಸಂತಿಗೆ ಹೊಡಸ್ತೀನಿ,” ಎಂದ ಉಮಾಪತಿ. “ಅಂಥಾ ಮನ್ಯಾಗ ಸಗಣಿ ವಾಸನಿ ಛಲೋ ಅಲ್ಲ.”

ಶಂಕ್ರಮ್ಮ ಕೇಳಿದಳು, “ಮನಿ ಹೊಗೂ ದಿನ ಮೊದಲ ಆಕಳ ಒಳಗ ಹೋಗ್ಬೇಕಲ್ರಿ?”

“ಶಾಸ್ತ್ರಕ್ಕ ಒಂದೀಟ ಹೊತ್ತು ಬಂದು ಹೋಗ್ಲಿ.”

“ಹಂಗಾದ್ರ ಕೆಂಪೀನ ಕರಕೊಂಡ ಬರ್ತೀನಿ.”

ಹತ್ತಿಯ ಎಳೆ ಮುಟ್ಟಿ ಅದು ಬೆಳೆದ ಊರು ಹೇಳುತ್ತಿದ್ದ ಉಮಾಪತಿಗೆ ಕೆಂಪಿಗೆ ದಿನ ತುಂಬಿದ್ದು ಕಾಣಲಿಲ್ಲ. ಶಂಕ್ರಮ್ಮನಿಗೆ ಚೆನ್ನಾಗಿಯೇ ಕಂಡಿತ್ತು; ಮನೆಯ ಪೂಜೆ ಮಾಡಿಸುವ ಅಯ್ಯನವರಿಗೆ ಗುಟ್ಟಾಗಿ ಹೇಳಿ ಮುಹೂರ್ತವನ್ನೂ ಅದಕ್ಕೆ ತಕ್ಕಂತೆ ಇಡಿಸಿದ್ದಳು.

ಆ ದಿನ ಕೆಂಪಿ ಹೊಸ್ತಿಲು ದಾಟಿ ದಿವಾನಖಾನೆಗೆ ಬಂದಳು. ನುಣುಪು ನೆಲದಲ್ಲಿ ಅವಳ ಕಾಲು ಜಾರೀತೆಂದು ಉಮಾಪತಿಯೇ ತನ್ನ ಹೈದರಾಬಾದಿನ ಜಮಖಾನೆ ಹಾಸಿಸಿದ್ದ. ಅದರ ಮೇಲೆ ಮಲಗಿಬಿಟ್ಟಳು. ಊಟದ ಎಲೆ ಹಾಕುವ ಹೊತ್ತಿಗೆ ಹೆಣ್ಣುಗರು ಹಾಕಿದಳು. ಬಾಲ್ಕನಿ ಹೊಗಳಲೆಂದು ಕರೆಸಿದ ಕೊಪ್ಪಳದ ವ್ಯಾಪಾರಿಗಳೆಲ್ಲ ಕರುವನ್ನೇ ಹೊಗಳಿದರು.

“ಲಕ್ಷ್ಮಿ ತಾನಾಗೇ ಬಂದು ಕುಂತಾಳ, ಸಾಹುಕಾರ್ರ. ಇನ್ನ ಹೊರಗ ಹಾಕಬ್ಯಾಡ್ರಿ,” ಎಂದರು ಅಯ್ಯನವರು.

ಅಷ್ಟು ಜನರ ಮುಂದೆ ಉಮಾಪತಿ ಏನು ಹೇಳಿಯಾನು? ಹಾಳಾದ ಜಮಖಾನೆಯ ಒಂದು ಒಣ ತುದಿಯನ್ನು ಎತ್ತಿ ನೋಡಿದ.

“ಗೋದಲಿ ಎಲ್ಲಿ ಕಟ್ಟಸೂಣು?” ಎಂದ ಕೊನೆಗೆ.

“ಮೋಟಾರ ಇನ್ನೂ ಬಂದಿಲ್ಲಲ್ರಿ,” ಎಂದಳು ಶಂಕ್ರಮ್ಮ.

ಮೋಟಾರು ಬಂದದ್ದು ಯುದ್ಧ ಮುಗಿದ ಮೇಲೆ. ಅಷ್ಟರಲ್ಲಿ ಅದರ ಖೋಲಿಯಲ್ಲಿ ಕೆಂಪಿಯ ಮೊಮ್ಮಕ್ಕಳಿದ್ದವು. ಆ ಖೋಲಿಗೂ ತಾನು ಮಲಗುವ ಕೋಣೆಗೂ ನಡುವಿನ ಗೋಡೆಗೆ ಶಂಕ್ರಮ್ಮ ಒಂದು ಕಿಂಡಿ ಕೊರೆಸಿದ್ದಳು. ಮೋಟಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದರು. ಮಳೆ ಬಂದಾಗಲೆಲ್ಲ ಉಮಾಪತಿ ಅದಕ್ಕೆ ತಾಡಪತ್ರಿ ಹೊದಿಸಲು ಓಡುತ್ತಿದ್ದ. ಶಂಕ್ರಮ್ಮ ಕಿಂಡಿಯ ಪಕ್ಕ ಹಾಸಿಗೆ ಹಾಕಿಕೊಂಡು, ಮೆಲುಕಿನ ಸದ್ದು ಕೇಳುತ್ತ ಕಣ್ಣು ಮುಚ್ಚುತ್ತಿದ್ದಳು.