ಗೋಡೆಯ ಮೇಲಿನ ಮಾತು ಯಾವ ಪುಸ್ತಕದ್ದು

ಬೂವನಹಳ್ಳಿ ರಸ್ತೆಯ ಬೌದ್ಧ ಅಧ್ಯಯನ ಕೇಂದ್ರದ ಗ್ರಂಥಾಲಯವನ್ನು ಯಶೋಧರಾ ಮೊದಲಿನಿಂದಲೂ ನೋಡಿಕೊಂಡು ಬಂದವಳು. ಧಮ್ಮ ಓದಲು ಬಂದ ಹುಡುಗ ಹುಡುಗಿಯರು ಅವಳ ಮೇಜಿನ ಮುಂದೆ ನಿಂತು, "ಅಕ್ಕಾ, ಬುದ್ಧರು ಸಿಟ್ಟಿನ ಬಗ್ಗೆ ಹೇಳಿರೋದು ಎಲ್ಲೈತೆ?" ಎಂದರೆ ಸಾಕು, ಎದ್ದು ಹೋಗಿ ಪುಸ್ತಕ ತಂದು, ಪುಟ ತೆರೆದೇ ಕೈಗೆ ಕೊಡುತ್ತಿದ್ದಳು. ಕಲಿಸುವುದೆಂದರೆ ಅದೇ ಎಂದುಕೊಂಡಿದ್ದಳು.

ಈ ವರ್ಷ ಪಾಠ ಹೇಳಲು ಶೋಭಿತಾ ಬಂದಳು. ಲೈಬ್ರರಿ ಕೋರ್ಸ್ ಓದಿದ, ಮಗಳ ವಯಸ್ಸಿನ ಹುಡುಗಿ. ಪುಸ್ತಕದ ಕೊನೆಯ ಪದಸೂಚಿ ನೋಡುವುದು, ಒಂದೇ ಮಾತನ್ನು ಎರಡು ಪುಸ್ತಕಗಳಲ್ಲಿ ಹೋಲಿಸುವುದು, ಕಂಪ್ಯೂಟರಿನಲ್ಲಿ ಹುಡುಕುವುದು, ಎಲ್ಲವನ್ನೂ ಹುಡುಗರಿಗೆ ಕಲಿಸಿದಳು. ಹುಡುಗರು ನೇರ ಕಪಾಟಿಗೆ ಹೋಗತೊಡಗಿದರು. ಯಶೋಧರಾಳ ಮೇಜಿನ ಮುಂದೆ ಯಾರೂ ನಿಲ್ಲಲಿಲ್ಲ. ಶೋಭಿತಾಳ ಸುತ್ತ ನಗು ಎದ್ದಾಗಲೆಲ್ಲ ಇವಳ ಹೊಟ್ಟೆ ಉರಿಯುತ್ತಿತ್ತು.

"ಅಕ್ಕಾ, ಟೀ ಕುಡಿಯಾನ ಬನ್ನಿ," ಎಂದು ಶೋಭಿತಾ ಕರೆದರೆ, "ನಂಗೆ ಗ್ಯಾಸ್ಟ್ರಿಕ್ ಕಣಮ್ಮ," ಎಂದು ಕೂತಲ್ಲೇ ಕೂರುತ್ತಿದ್ದಳು.

ಒಂದು ದಿನ ಶೋಭಿತಾ ತರಗತಿಗೆ ಕೆಲಸ ಕೊಟ್ಟಳು: ಗ್ರಂಥಾಲಯದ ಗೋಡೆಯ ಮೇಲಿರುವ ಮಾತು ಯಾವ ಪುಸ್ತಕದ್ದು, ಪತ್ತೆ ಮಾಡಿ. 'ದೀಪ ಹಚ್ಚಿದವರ ಕುಲವನ್ನು ಬೆಳಕು ಕೇಳುವುದಿಲ್ಲ.' ಕೆಳಗೆ ಬುದ್ಧರ ಹೆಸರು. ಹೆಸರಿದ್ದುದರಿಂದ ಅದುವರೆಗೆ ಯಾರೂ ಕೇಳಿರಲಿಲ್ಲ. ಕೈಮುಗಿದು ಒಳಗೆ ಹೋಗುತ್ತಿದ್ದರು. ಅದನ್ನು ಬಣ್ಣದಲ್ಲಿ ಬರೆಸಿದವಳು ಯಶೋಧರಾ. ತನ್ನ ಮರ್ಯಾದೆ ತೆಗೆಯಲೆಂದೇ ಶೋಭಿತಾ ಹೀಗೆ ಮಾಡಿದ್ದಾಳೆ ಎಂದು ಹಲ್ಲು ಕಚ್ಚಿದಳು. ಹುಡುಗರು ಕಪಾಟುಗಳನ್ನೆಲ್ಲ ಜಾಲಾಡಿದರು. ಸಿಗಲಿಲ್ಲ.

ಮಧ್ಯಾಹ್ನ ವಿದ್ಯಾರ್ಥಿಗಳಾದ ಧರ್ಮೇಂದ್ರ, ಭಾನುಪ್ರಿಯಾ ಅವಳ ಮೇಜಿನ ಮುಂದೆ ಬಂದು ನಿಂತರು. ಅವಳ ಮುಖ ಅರಳಿತು.

"ಅಕ್ಕಾ, ಆ ಗೋಡೆ ಮೇಲಿನ ಮಾತು ನಿಮ್ಗೆಲ್ಲಿ ಸಿಕ್ತು?" ಎಂದಳು ಭಾನುಪ್ರಿಯಾ.

"ನೀವಾಗೇ ಬಂದ್ರೋ, ಅವ್ಳು ಕಳಿಸಿದ್ಲೋ?"

"ಪುಸ್ತಕದಲ್ಲಿ ಸಿಗ್ದಿದ್ರೆ ಬರೆಸಿದೋರ್ನೇ ಕೇಳಿ ಅಂದ್ರು ಮೇಡಂ."

ಯಶೋಧರಾಳ ಮುಖ ಅಲ್ಲೇ ಬಾಡಿತು. ತನ್ನನ್ನು ಕೇಳಬೇಕೆಂಬುದನ್ನೂ ಅವಳೇ ಕಲಿಸಬೇಕಾಯಿತಲ್ಲ! ಹಳೇ ಪುಸ್ತಕದಲ್ಲಿತ್ತು, ಗೆದ್ದಲು ತಿಂದುಬಿಟ್ಟಿತು ಎಂದುಬಿಡೋಣ ಎನ್ನಿಸಿತು. ಆದರೆ ನಾಳೆ ಶೋಭಿತಾ ಆ ಸುಳ್ಳನ್ನೂ ಹಿಡಿಯುತ್ತಾಳೆ.

"ನನ್ ಮಗಳ ಲಗ್ನಪತ್ರಿಕೇಲಿತ್ತು ಕಣ್ರಪ್ಪ. ಹೊಳೆನರಸೀಪುರದ ಪ್ರೆಸ್ಸಿನೋನು ಆಕಿದ್ದ. ಬುದ್ಧರದೇ ಅಂದ, ನಂಬ್ಕಂಡೆ."

"ಅವ್ರಿಗೆಲ್ಲಿ ಸಿಕ್ತಂತೆ?" ಎಂದ ಧರ್ಮೇಂದ್ರ.

ಯಶೋಧರಾ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಅದು ನಿಮ್ ಮೇಡಮ್ಮನ ಕಂಪ್ಯೂಟರಲ್ಲಿ ಸಿಕ್ಕಲ್ಲ. ನಡೀರಿ ಹೊಳೆನರಸೀಪುರಕ್ಕೆ, ನಾನೇ ಕರ್ಕಂಡೋಯ್ತೀನಿ."

"ಮೇಡಂನೂ ಕರೀಲಾ ಅಕ್ಕಾ?" ಎಂದ ಧರ್ಮೇಂದ್ರ.

"ಬ್ಯಾಡ ಕಣ್ಲಾ," ಎಂದಳು. "ಬಸ್ಸು ರಶ್ ಇರ್ತದೆ."