ಅರವತ್ತಮೂರು ಐಟಂ ಮತ್ತು ಒಬ್ಬ ಅತ್ತೆ

ಲೋಕ ಸೃಷ್ಟಿಯಾದ ದಿನ ನಮ್ಮ ಸೋದರಮಾವ ಅಲ್ಲಿದ್ದಿದ್ದರೆ ನಮಗೆ ಇಬ್ಬರು ಸೂರ್ಯರು ಇರುತ್ತಿದ್ದರು. ಒಬ್ಬ ಉರಿಯಲಿಕ್ಕೆ, ಇನ್ನೊಬ್ಬ ಗೋಣಿಚೀಲ ಹೊದ್ದು ಮೂಲೆಯಲ್ಲಿ ಕೂರಲಿಕ್ಕೆ. ಮಾವ ಒಮ್ಮೆ "ಇರಲಿ" ಎಂದರೆ ಮುಗಿಯಿತು, ದೇವರೂ ಮರುಮಾತಾಡದೆ ಇನ್ನೊಂದನ್ನು ಮಾಡಿಕೊಡಬೇಕಿತ್ತು. ಮನೆಯಲ್ಲಿ ಅವರಿಗೆ ಕನ್ನಡಕ ಎರಡು, ಕೊಡೆ ಮೂರು, ಕಪಾಟಿನ ಬೀಗದ ಕೈ ನಾಲ್ಕು. ಕಪಾಟು ಮಾರಿ ಹತ್ತು ವರ್ಷವಾಯಿತು. ಬೀದಿಯವರ ಬಾಯಲ್ಲಿ ಅವರು ಇರಲಿ ಮಾವ. ಸ್ವಂತ ಹೆಸರೊಂದು ಇದೆ, ಅದನ್ನು ಅವರು ಸ್ಪೇರ್ ಆಗಿ ಇಟ್ಟುಕೊಂಡಿದ್ದಾರೆ.

ಇದು ಹುಟ್ಟುಗುಣವಲ್ಲ, ಕಸುಬು ಕಲಿಸಿದ್ದು. ಊರಿಗೆ ನೀರು ಹರಿಸುವ ಪಂಪ್‌ಹೌಸಿನಲ್ಲಿ ಮಾವ ಮೂವತ್ತೊಂದು ವರ್ಷ ಸ್ಟೋರ್‌ಕೀಪರ್ ಆಗಿದ್ದರು. ಕಿಟಕಿಗೆ ಬಂದ ಫಿಟ್ಟರ್ ಏನು ಕೇಳಿದರೂ ತೆಗೆದುಕೊಡುತ್ತಿದ್ದರು. "ಇಲ್ಲ" ಎಂದದ್ದು ಒಂದೇ ಸಲ. ಅಂಗೈಯಗಲದ ರಬ್ಬರ್ ಸೀಲ್ ಒಂದು ಇರಲಿಲ್ಲ. ಎರಡು ದಿನ ಊರಿನ ನಲ್ಲಿಗಳೆಲ್ಲ ಬರೀ ಗಾಳಿ ಕಾರಿದವು. ಖಾಲಿ ಕೊಡ ಹಿಡಿದು ನಿಂತವರ ಕಣ್ಣು ತಪ್ಪಿಸಿ ಮಾವ ಸಂದಿಗೊಂದಿಗಳಲ್ಲಿ ಮನೆ ಸೇರಿದರಂತೆ. ಅಂದು ಅಂಟಿದ ಇರಲಿ ಇಂದಿಗೂ ಬಿಟ್ಟಿಲ್ಲ.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ಡಾಂಬರು ಮುಗಿದು, ಗುಡ್ಡ ದಾಟಿ, ಆಚೆ ಎಲ್ಲೋ ಒಂದೇ ಕೋಣೆಯ ಕೊನೆಯ ಎಕ್ಸ್‌ಚೇಂಜ್ ಇತ್ತು. ಅಲ್ಲಿಯೂ ಒಬ್ಬ ಹೆಂಗಸು. ದಿನಾ ಬೆಳಿಗ್ಗೆ ಎಂಟಕ್ಕೆ ಲೈನು ಪರೀಕ್ಷೆ. "ಕೇಳಿಸ್ತಾ?" "ಕೇಳಿಸ್ತಿದೆ." ಸರ್ಕಾರದ ಮಾತು ಅಷ್ಟೇ. ಅದರ ಬಾಲ ಹಿಡಿದುಕೊಂಡು ಇಪ್ಪತ್ತೆರಡು ವರ್ಷ ಹೆರಿಗೆ, ಹಲ್ಲುನೋವು, ಅತ್ತೆಮನೆಯ ಚಾಡಿ ಎಲ್ಲ ಆ ತಂತಿಯಲ್ಲಿ ಓಡಾಡಿದವು. ಆಮೇಲೆ ಲೈನು ಮುಚ್ಚಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ಅವಳ ಕೆಮ್ಮು ಕೇಳಿ ಅಲ್ಲಿ ಚಳಿ ಬಿತ್ತಾ ಇಲ್ವಾ ಅಂತ ಹೇಳ್ತಿದ್ದೆ ಕಣೋ," ಎನ್ನುತ್ತಿದ್ದರು ಅತ್ತೆ ನನಗೆ. "ದಾರೀಲಿ ಎದುರು ಬಂದ್ರೆ ಮಾತ್ರ ಗುರುತು ಸಿಗಲ್ಲ."

ಈಗಲೂ ಬೆಳಿಗ್ಗೆ ಎಂಟಕ್ಕೆ ಅತ್ತೆಯ ಕೈ ಒಂದು ಗಳಿಗೆ ನಿಲ್ಲುತ್ತದೆ. ಒಲೆಯ ಮೇಲಿನದು ಸೀದರೂ ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಹೋದ ತಿಂಗಳು ಕಾಗದ ಬಂತು. ಆ ಗೆಳತಿಯನ್ನು ಮಗಳು ತನ್ನೂರಿಗೆ ಕರೆದೊಯ್ಯುತ್ತಾಳೆ. ಅದು ಹಡಗು ಹತ್ತಿ ಹೋಗಬೇಕಾದ ದೂರ. 'ಮೂವತ್ತನೇ ತಾರೀಕಿನವರೆಗೆ ಇಲ್ಲೇ ಇರ್ತೀನಿ. ಸಾಧ್ಯವಾದರೆ ಒಮ್ಮೆ ಬಾ.' ಬಸ್ಸು ಡಾಂಬರಿನ ಕೊನೆಗೇ ನಿಲ್ಲುತ್ತದೆ. ಅಲ್ಲಿಂದಾಚೆ ಅರವತ್ತು ಕಿಲೋಮೀಟರ್ ಕಲ್ಲು, ಮರಳು, ದೇವರು.

ಮಾವ ಶೆಡ್ಡಿನ ಬಾಗಿಲು ತೆಗೆದರು. ಒಳಗಿದ್ದದ್ದು ನನ್ನ ಮೀಸೆಗಿಂತ ಹಳೆಯ ಕಾರು. ಮುಂದಿನ ಮೂರು ವಾರ ಅಲ್ಲಿ ನಡೆದದ್ದು ರಿಪೇರಿಯಲ್ಲ, ದಂಡಯಾತ್ರೆಯ ಸಿದ್ಧತೆ. ರೇಡಿಯೇಟರ್ ತೊಳೆದರು, ಬ್ರೇಕ್ ಬಿಚ್ಚಿ ಕಟ್ಟಿದರು, ಕಲ್ಲು ಬಡಿಯದಿರಲೆಂದು ಹೊಟ್ಟೆಯಡಿಗೆ ಕಬ್ಬಿಣದ ತಗಡು ಹೊಡೆದರು. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ವೈದ್ಯರ ಮುಖ ಮಾಡಿಕೊಂಡು ಗಂಟೆಗಟ್ಟಲೆ ಕೇಳಿದರು. ನಲವತ್ತೆಂಟನೆಯ ವಯಸ್ಸಿನಲ್ಲಿ ನನಗೆ ಟಾರ್ಚ್ ಹಿಡಿಯುವ ಹುದ್ದೆ ಸಿಕ್ಕಿತು.

ಕಾರಂತೂ ಒಂದೇ ವಾರಕ್ಕೆ ಸರಿಹೋಗಿತ್ತು. ಸರಿಹೋಗದೆ ಉಳಿದದ್ದು ಮಾವ. ಹೊಸ ಫ್ಯಾನ್ ಬೆಲ್ಟ್ ಹಾಕಿ, ಹಳೆಯದನ್ನು ಇರಲಿ ಎಂದರು. ಅದು ತುಂಡಾದರೆ ಎಂದು ಇನ್ನೆರಡು ತಂದರು. ಹದಿನಾರಕ್ಕೆ ಹೊರಡಬೇಕಿತ್ತು, ವಾಟರ್ ಪಂಪ್ ಬರಲೆಂದು ಇಪ್ಪತ್ತೆರಡಾಯಿತು. ಇಪ್ಪತ್ತೆರಡಕ್ಕೆ ಸ್ಪ್ರಿಂಗ್ ಪಟ್ಟಿ ಬರಬೇಕಿತ್ತು, ಇಪ್ಪತ್ತೊಂಬತ್ತಾಯಿತು. ಅತ್ತೆ ಇಸ್ತ್ರಿ ಮಾಡಿಟ್ಟ ಬಟ್ಟೆಗೆ ಮೂರನೇ ಸಲ ಇಸ್ತ್ರಿ ಹಾಕಿದರು.

ಇಪ್ಪತ್ತೊಂಬತ್ತರ ಬೆಳಿಗ್ಗೆ ಕಾರು ಬಾಗಿಲ ಮುಂದೆ ನಿಂತಿತ್ತು. ನಿಂತಿತ್ತು ಎನ್ನುವುದಕ್ಕಿಂತ, ಬಸುರಿ ಎಮ್ಮೆಯ ಹಾಗೆ ಹಿಂಭಾಗ ಊರಿ ಕೂತಿತ್ತು. ಅತ್ತೆ ಬ್ಯಾಗು ಹಿಡಿದು ಬಂದು ಹಿಂದಿನ ಬಾಗಿಲು ತೆಗೆದರು. ಎರಡು ಟೈರು, ವಾಟರ್ ಪಂಪು, ಒಂದು ಇಡೀ ರೇಡಿಯೇಟರ್. ಮುಂದಿನ ಬಾಗಿಲು ತೆಗೆದರು. ಸೀಟಿನ ಮೇಲೆ ಬ್ಯಾಟರಿ, ಕಾಲಿಡುವಲ್ಲಿ ಆಯಿಲ್ ಡಬ್ಬ.

"ರೀ, ನಾನೆಲ್ಲಿ ಕೂರ್ಲಿ?"

ಮಾವ ಕೈಯಲ್ಲಿದ್ದ ಸಾಮಾನಿನ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರು. ತಿರುಗಿಸಿ ಹಾಳೆಯ ಬೆನ್ನಿಗೂ ಕಣ್ಣಾಡಿಸಿದರು.

"ಅರವತ್ಮೂರು ಐಟಂ," ಎಂದರು ಮೆಲ್ಲಗೆ.

"ನನ್ನನ್ನ ಯಾವ ನಂಬರಿಗೆ ಹಾಕಿದ್ರಿ?"

"ಬ್ಯಾಟರೀನ ಮಡಿಲಲ್ಲಿ ಇಟ್ಕೊಂಡ್ರೆ..."

"ನನ್ನ ಮಡಿಲಲ್ಲಾ? ಆಸಿಡ್ ಚೆಲ್ಲಿದ್ರೆ ನನಗೆ ಸ್ಪೇರ್ ಇಟ್ಟಿದ್ದೀರಾ? ಇನ್ನೊಬ್ಬ ಹೆಂಡ್ತೀನೂ ತರ್ಸಿಬಿಡಿ, ಇರಲಿ!"

ನಾನು ನಕ್ಕೆ. ಅತ್ತೆಯೂ ನಗಬೇಕಿತ್ತು, ನಗಲಿಲ್ಲ. ಮೆಟ್ಟಿಲ ಮೇಲೆ ಕೂತು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡರು. ಒಳಗೆ ಗೋಡೆ ಗಡಿಯಾರ ಎಂಟು ಹೊಡೆಯಿತು. ಅವರ ಕೈ ಬ್ಯಾಗಿನ ಹಿಡಿಯ ಮೇಲೆ ಹಾಗೇ ನಿಂತಿತು.

"ಕೇಳಿಸ್ತಾ ಅಂತ ನಾನೇ ಮೊದಲು ಕೇಳ್ತಿದ್ದೆ," ಎಂದರು ಯಾರಿಗೂ ಅಲ್ಲದ ಹಾಗೆ. "ನಾಳೆ ಅವಳು ಹೋದ್ಮೇಲೆ ಆ ಕೋಣೆ ನೋಡಿ ನಾನೇನು ಮಾಡ್ಲಿ?"

ಮಾವ ಬಹಳ ಹೊತ್ತು ಅತ್ತೆಯ ಆ ಕೈಯನ್ನೇ ನೋಡಿದರು. ಮೂವತ್ತೊಂದು ವರ್ಷ ಕಿಟಕಿಯ ಆಚೆ ನಿಂತವರ ಕೈ ನೋಡಿದವರು ಅವರು. ಖಾಲಿ ಕೈ ಯಾವುದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆಮೇಲೆ ಅಂಗಿ ಕಳಚಿ, ಬರೀ ಬನಿಯನ್ನಿನಲ್ಲಿ ನಿಂತು ಸಾಮಾನು ಇಳಿಸಲು ಶುರು ಮಾಡಿದರು. ರೇಡಿಯೇಟರ್ ಇಳಿಯಿತು, ಬ್ಯಾಟರಿ ಇಳಿಯಿತು, ಸ್ಪ್ರಿಂಗ್ ಪಟ್ಟಿ, ಪಂಪು, ಮೂರು ಬೆಲ್ಟಿನಲ್ಲಿ ಎರಡು ಇಳಿದವು. ಒಂದೊಂದನ್ನು ನೆಲಕ್ಕಿಡುವಾಗಲೂ ಹೆಣ್ಣು ಒಪ್ಪಿಸಿಕೊಟ್ಟ ತಂದೆಯ ಮುಖ. ಕಾರು ಇಂಚಿಂಚಾಗಿ ಎದ್ದು ನಿಂತಿತು. ಕೊನೆಗೆ ಉಳಿದದ್ದು ಸ್ಟೆಪ್ನಿ, ಜಾಕು, ಅದು ಮರಳಿನಲ್ಲಿ ಹೂತುಹೋಗದಿರಲು ಒಂದು ಹಲಗೆ, ಒಂದು ಬೆಲ್ಟು, ಟೂಲ್ ಚೀಲ, ಎರಡು ಕ್ಯಾನ್ ನೀರು. ಹಿಂದಿನ ಸೀಟು ಪೂರ್ತಿ ಖಾಲಿ.

ಅತ್ತೆ ಹಿಂದೆ ಹತ್ತಿ ಉದ್ದಕ್ಕೆ ಕಾಲು ಚಾಚಿ ಕೂತರು. ಆಗಲೇ ಅವರ ಕಣ್ಣು ರಸ್ತೆಯ ಕೊನೆಗೆ ಹೋಗಿತ್ತು.

ಇಂಥ ತ್ಯಾಗವನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಸ್ಟೀರಿಂಗ್ ಹಿಡಿದ ಮಾವನ ಕಿಟಕಿಗೆ ಬಗ್ಗಿ ಕೇಳಿದೆ:

"ಮಾವ, ಆ ಕಲ್ಲುದಾರಿಗೆ ಏನೂ ಇಲ್ಲದೆ ಹೊರಟ್ರಲ್ಲ! ಇಷ್ಟು ವರ್ಷದ ಭಯ ಒಂದೇ ಬೆಳಿಗ್ಗೆ ಹೇಗೆ ಗೆದ್ರಿ?"

ಮಾವ ಗೇರು ಹಾಕಿದರು.

"ಭಯ ಹಾಗೇ ಇದೆ ಕಣೋ. ನಿಮ್ಮತ್ತೆಗೆ ಮಂಡಿನೋವು, ಕಾಲು ಮಡಚಿ ಕೂರೋಕಾಗಲ್ಲ. ಆ ಹಿಂದಿನ ಡೋರ್ ಸರಿಯಾಗಿ ಹಾಕು."