ಎತ್ತಬಾರದ ಫೋನು

ರೇಷ್ಮೆಗೂಡು ಬೇಯುವ ವಾಸನೆ ಸೀರೆಗೆ ಹತ್ತಿದರೆ ಎರಡು ಸಲ ಒಗೆದರೂ ಬಿಡುವುದಿಲ್ಲ. ಅದಕ್ಕೇ ಭಾನುಪ್ರಿಯ ರಾಮನಗರಕ್ಕೆ ಹೋಗುವ ದಿನಕ್ಕೆಂದು ಒಂದು ಹಳೇ ವಾಯಿಲ್ ಸೀರೆಯನ್ನು ಬೇರೆ ಎತ್ತಿಟ್ಟಿದ್ದಳು. ಕೂಟಗಲ್ಲಿನ ಹೆಣ್ಣುಮಗಳು. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿ, ಮೊಬೈಲು ಬಂದಮೇಲೆ ಜನರ ಕೆಲಸವೂ ಸಂಬಂಧವೂ ಏನಾಗಿದೆ ಎಂದು ಪಿಎಚ್.ಡಿ.ಗೆ ಅಧ್ಯಯನ ಮಾಡುತ್ತಿದ್ದಳು. ಅದು ಎರಡು ಸಾವಿರದ ಆರನೇ ಇಸವಿ.

ಗಂಡ ಸ್ವಾಮಿಗೆ ಬಿಡದಿಯ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅಲ್ಲೇ ಒಂದು ಕೋಣೆಯ ಬಾಡಿಗೆ ಮನೆ. ಅವನು ಒಳಗೆ ಬರುವಾಗ ಇವಳು ಚಪ್ಪಲಿ ಮೆಟ್ಟುತ್ತಿರುತ್ತಿದ್ದಳು. ಹಾಗಾಗಿ ಮೂರು ವರ್ಷದ ಮಗಳು ಸಿರಿ, ಕೂಟಗಲ್ಲಿನಲ್ಲಿ ಅಜ್ಜಿ ಬೋರಮ್ಮನ ಹತ್ತಿರ. ಮೊದಮೊದಲು ಭಾನುಪ್ರಿಯ ವಾರಕ್ಕೊಮ್ಮೆ ಹೋಗಿಬರುತ್ತಿದ್ದಳು. ಆದರೆ ಅಧ್ಯಯನಕ್ಕೆ ಬೇಕಾದ ಕಾರ್ಖಾನೆಯ ಕೆಲಸಗಾರರು ಮಾತಿಗೆ ಸಿಗುವುದು ಭಾನುವಾರ ಮಾತ್ರ. ಈ ಸಲ ಊರಿಗೆ ಹೋಗಿ ಏಳು ವಾರವಾಗಿತ್ತು. ಗೈಡ್ ಬೇರೆ, "ಇನ್ನೊಂದು ವರ್ಷ ಮಾಗಡಿ ಕಡೆಯ ಹಳ್ಳಿಗಳನ್ನೂ ನೋಡಿ, ಸೋಮವಾರದೊಳಗೆ ಒಪ್ಪಿಗೆ ಬರೆದುಕೊಡಿ" ಎಂದಿದ್ದರು. ಬರೆದುಕೊಡೋಣ, ಆದರೆ ಮಗಳು ಜೊತೆಗಿರಬೇಕು ಎಂದು ಅವಳು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು.

ಆ ಶನಿವಾರ ಬೆಳಿಗ್ಗೆ ರಾಮನಗರದಲ್ಲಿ, ನೂಲು ತೆಗೆಯುವ ರಹೀಮಾಳ ಮನೆಯಲ್ಲಿ ಟಿಪ್ಪಣಿ ಪುಸ್ತಕ ಹಿಡಿದು ಕೂತಿದ್ದಳು. ಬಿಸಿನೀರಿನಲ್ಲಿ ಬೆರಳಾಡಿಸುತ್ತಲೇ ರಹೀಮಾ ಹೇಳಿದಳು: "ನಮ್ಮನೆಯವರು ಮಾರ್ಕೆಟ್‌ನಿಂದ ಒಂದು ಮಿಸ್ಡ್ ಕಾಲ್ ಕೊಟ್ರೆ ಗೂಡು ಸಿಕ್ತು ಅಂತ. ನಾನು ಒಲೆ ಹಚ್ತೀನಿ. ಎರಡು ಕೊಟ್ರೆ ಸಿಗಲಿಲ್ಲ, ಒಲೆ ಹಚ್ಬೇಡ ಅಂತ. ನಿಮ್ದೇನು ಮೇಡಮ್ಮಾ?"

"ನಮ್ದೂ ಐತೆ. ಸಾಯಂಕಾಲ ಏಳಕ್ಕೆ ಊರಿಗೆ ಒಂದು ಕೊಡ್ತೀನಿ. ನಮ್ಮವ್ವ ತಿರುಗಿ ಒಂದು ಕೊಟ್ರೆ ಮಗು ಉಂಡಳು, ಚೆನ್ನಾಗವಳೆ ಅಂತ."

"ಹಂಗಾದ್ರೆ ನಿಮ್ಮ ಹೆಸರೂ ಬರ್ಕೊಳ್ಳಿ ಆ ಪುಸ್ತಕದಲ್ಲಿ!" ರಹೀಮಾ ನಕ್ಕಳು. "ಆದ್ರೆ ನಮ್ಮವರು ಸಂಜೆ ಮನೆಗೆ ಬಂದು ನನ್ ಜೊತೆ ಜಗಳ ಆಡ್ತಾರೆ. ಮಿಸ್ಡ್ ಕಾಲ್‌ನಲ್ಲಿ ಜಗಳ ಆಡಕ್ಕಾಗಲ್ಲ ನೋಡಿ."

ಭಾನುಪ್ರಿಯಳೂ ನಕ್ಕಳು. ಬೀದಿಗೆ ಬಂದಮೇಲೆ ನಗು ನಿಂತಿತು. ಇನ್ನೂ ಹನ್ನೊಂದು ಗಂಟೆ. ಇವತ್ತು ಮಗಳ ಹತ್ತಿರ ಮಾತೇ ಆಡೋಣವೆಂದು ಊರಿಗೆ ಫೋನು ಹಚ್ಚಿದಳು. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಮಾಡಿದಳು. ಮೂರನೇ ಸಲ ಆ ಕಡೆಯಿಂದ ಯಾರೋ ಕತ್ತರಿಸಿದರು. ಮಗುವಿಗೆ ಜ್ವರವೋ, ಬಿದ್ದಳೋ ಎಂದು ಕೂಟಗಲ್ಲಿನ ಬಸ್ಸು ಹತ್ತಿಬಿಟ್ಟಳು.

ಬೋರಮ್ಮ ನಡುಮನೆಯಲ್ಲಿ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದಳು. ಮೊಬೈಲು ಸಿರಿಯ ಕೈಯಲ್ಲಿತ್ತು.

"ಯಾಕವ್ವ ಫೋನ್ ಎತ್ತಲಿಲ್ಲ? ಜೀವ ಹೋದಂಗಾಯ್ತು ನಂಗೆ!"

"ಅಯ್ಯೋ, ನಾನು ಎತ್ತಕ್ಕೋದ್ರೆ ಇವ್ಳು ಬುಡಬೇಕಲ್ಲ! ಎತ್ತಬ್ಯಾಡ ಅಜ್ಜಿ, ಅಮ್ಮ ಬೈತದೆ ಅಂತ ಕಿತ್ಕೊಂಡೋದ್ಲು. ಎತ್ತಬಾರ್ದು ಅಂತ ನೀನೇ ಅಲ್ವೇನೇ ಕಲಿಸಿದ್ದು?"

ಹೌದು, ಅವಳೇ ಕಲಿಸಿದ್ದು. ಅಪ್ಪಿತಪ್ಪಿ ಎತ್ತಿದರೆ ಕರೆನ್ಸಿ ಹೋಗುತ್ತದೆಂದು ಒಂದು ದಿನ ಗದರಿಯೂ ಇದ್ದಳು.

"ಬಾ ಕಂದ." ಕೈ ಚಾಚಿದಳು. ಸಿರಿ ಅಜ್ಜಿಯ ಸೆರಗಿನ ಹಿಂದೆ ಸರಿದಳು.

"ಅಮ್ಮ ಕಣೆ, ಹೋಗು," ಅಂದಳು ಬೋರಮ್ಮ.

ಸಿರಿ ಬಂದವಳನ್ನು ಮೇಲಿಂದ ಕೆಳಗೆ ನೋಡಿದಳು. ಗೂಡಿನ ವಾಸನೆಗೆ ಮೂಗು ಮುರಿದಳು. "ಅಮ್ಮ ಈಗ ಬರಕಿಲ್ಲ. ಏಳ್ ಗಂಟೆಗೆ ಬತ್ತದೆ."

ಬೋರಮ್ಮ ನಗಲು ಹೋಗಿ, ಮಗಳ ಮುಖ ನೋಡಿ, ಸೊಪ್ಪಿನ ಕಡೆಗೆ ತಿರುಗಿದಳು.

ಮಗಳನ್ನು ನಾಳೆ ಬಿಡದಿಗೆ ಕರೆದೊಯ್ಯುತ್ತೇನೆಂದು ಅವ್ವನಿಗೆ ಹೇಳಿ, ಭಾನುಪ್ರಿಯ ಸ್ನಾನ ಮಾಡಿ ಅವಳದೊಂದು ಸೀರೆ ಉಟ್ಟಳು. ಮಗುವಿಗೆ ಮುದ್ದೆ ಕಲಸಿದಳು; ಮಗು ಅಜ್ಜಿಯ ಕೈಯಿಂದಲೇ ಉಂಡಿತು. ಎಷ್ಟು ಮನೆಗಳಲ್ಲಿ ಕೂತು, "ಫೋನಿನಿಂದ ನಿಮ್ಮ ಸಂಬಂಧ ಹತ್ತಿರವಾಗಿದೆಯೇ, ದೂರವಾಗಿದೆಯೇ?" ಎಂದು ಕೇಳಿದ್ದಳು! ಉತ್ತರಕ್ಕೆ ಎರಡೇ ಖಾನೆ ಮಾಡಿಟ್ಟಿದ್ದಳು. ಇದನ್ನು ಯಾವುದರಲ್ಲಿ ಬರೆಯುವುದು?

"ಬೆಳಗಿನ ಬಸ್ಸಿಗೆ ಕರ್ಕೊಂಡು ಹೋಗ್ತೀನಿ ಅಂದಿದ್ಯಲ್ಲ, ಬಟ್ಟೆ ತುಂಬ್ಲಾ?" ಎಂದು ಬೋರಮ್ಮ ಕೇಳಿದಳು.

"ಯಾರ ಜೊತೆ ಬತ್ತಾಳವ್ವ ಅವ್ಳು? ಬಸ್‌ಸ್ಟ್ಯಾಂಡಲ್ಲಿ ಹಿಂಗೇ ಯಾರಾದ್ರೂ ಹೆಂಗಸು ಕೈ ಚಾಚಿದ್ರೆ ನಿಂಗೆ ಒಪ್ಪಿಗೇನಾ?" ಎಂದಳು.

ಏಳು ಗಂಟೆಯಾಯಿತು. ಸಿರಿ ಫೋನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತಳು. ಅದು ಅವಳ ದಿನದ ಜಾಗ. ಭಾನುಪ್ರಿಯ ಜಗಲಿಯ ಇನ್ನೊಂದು ತುದಿಯಲ್ಲಿ ಕೂತು ನಂಬರು ಒತ್ತಿದಳು. ರಿಂಗಾಯಿತು. ಮಗುವಿನ ಮುಖ ಅರಳಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ಏಳು ವಾರ ದಿನಾ ಸಂಜೆ ಹೀಗೇ ಅರಳಿತ್ತೇನೋ.

"ಎತ್ತು ಕಂದ. ಇವತ್ತು ಎತ್ತಬೋದು. ಅಮ್ಮ ಬೈಯಲ್ಲ," ಎಂದಳು ಒಳಗಿನಿಂದ ಬೋರಮ್ಮ.

ಸಿರಿ ಬಹಳ ಹೊತ್ತು ಯೋಚಿಸಿ ಹಸಿರು ಗುಂಡಿ ಒತ್ತಿದಳು. "ಅಮ್ಮ?"

"ಹೂಂ, ಕಂದ."

"ಯಾವಾಗ ಬತ್ತೀಯ?"

"ಬತ್ತಾ ಇವ್ನಿ," ಎಂದಳು.

"ಎಲ್ಲಿಗಂಟ ಬಂದೆ?"

ಭಾನುಪ್ರಿಯ ಫೋನು ಕಿವಿಯಲ್ಲಿಟ್ಟುಕೊಂಡೇ ಮಗುವಿನ ಕಡೆಗೆ ಒಂದು ಮೊಳ ಸರಿದಳು. "ಇಲ್ಲೇ, ಬಾಗ್ಲಿಗಂಟ."

ಸಿರಿ ಕತ್ತು ಚಾಚಿ ಬೀದಿಯ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಮಗುವಿನ ಕತ್ತು ಇತ್ತ ತಿರುಗುವವರೆಗೂ ಬಿಡದಿಯೂ ಬೇಡ, ಮಾಗಡಿಯೂ ಬೇಡ ಎಂದುಕೊಂಡು, ಭಾನುಪ್ರಿಯ ಇನ್ನೊಂದು ಮೊಳ ಸರಿದು ಕೂತಳು.